ಮಾದರಿ ಹದಿನೇಳು

ಐದನೇ ಸೆಮಿಸ್ಟರು, ಮಂಗಳವಾರ, ಎರಡನೇ ಅವಧಿ.
ಪ್ರೆಸಿಲ್ಲಾ ಮೇಡಂ ಬೋರ್ಡಿನ ಮೇಲೆ ಎರಡು ಉಂಗುರ ಬರೆದರು:
ಒಂದಕ್ಕೆ ಆರು ಮೂಲೆ, ಇನ್ನೊಂದಕ್ಕೆ ಐದು,
ಎರಡರಲ್ಲೂ ಒಂದೊಂದು ನೈಟ್ರೋಜನ್,
ನಡುವೆ ಒಂದೇ ಗೆರೆಯ ನಂಟು.
"ನಿಕೋಟಿನ್," ಅಂದರು.
ಬರೆದುಕೊಂಡೆ. ಬರೆಯುವಾಗ ಗೊತ್ತಾಯಿತು,
ಇದು ನಮ್ಮ ಮನೆಯ ವಾಸನೆ.

ವಾಮಂಜೂರಿನ ಬಸ್ಸಿನಲ್ಲಿ ಪಕ್ಕ ಕೂತವರು
ಮೂಗು ಸುಕ್ಕಿಸಿ ಕಿಟಕಿ ತೆರೆಯುವ ವಾಸನೆ.
ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ,
ತಡ್ಪೆಯಲ್ಲಿ ಹೊಗೆಸೊಪ್ಪಿನ ಹುಡಿ,
ಅಮ್ಮನ ತೊಡೆ, ಅಲ್ಲೇ ಒರಗಿ ಕಲಿತ ಮೊದಲ ಮಗ್ಗಿ:
ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ.
ಮೋಲ್ ಅಂದರೆ ಎಂತದೆಂದು ಪಿಯುಸಿಯಲ್ಲಿ ಎಲ್ಲರೂ ತಡವರಿಸುವಾಗ
ನನಗೆ ಥಟ್ಟನೆ ಹೊಳೆದಿತ್ತು:
ಅದೂ ಒಂದು ಕಟ್ಟು. ಸ್ವಲ್ಪ ದೊಡ್ಡದು.

ಬ್ಯೂರೆಟ್ಟಿನ ತಿರುಪನ್ನು ಅರ್ಧ ಹನಿಗೆ ನಿಲ್ಲಿಸಿದ ದಿನ
ಅಟೆಂಡರ್ ಕುಂಞಣ್ಣ ಕೇಳಿದ್ದರು,
"ಎಲ್ಲಿ ಕಲಿತದ್ದು ಮಾರಾಯ್ತಿ, ಈ ಕೈ?"
ಏಳು ವರ್ಷಕ್ಕೆ ಕತ್ತರಿ ಹಿಡಿದ ಕೈ ಎಂದು ಹೇಳಲಿಲ್ಲ.
"ಅಭ್ಯಾಸ," ಅಂದೆ.

ಪ್ರಾಜೆಕ್ಟಿಗೆ ನಾನೇ ಕೇಳಿ ತೆಗೆದುಕೊಂಡ ವಿಷಯ:
ಬೀಡಿ ಕಟ್ಟುವವರ ಮೂತ್ರದಲ್ಲಿ ಕೊಟಿನಿನ್.
ಚರ್ಮದಿಂದ, ಉಸಿರಿನಿಂದ ಒಳಗೆ ಹೋದ ನಿಕೋಟಿನ್
ಯಕೃತ್ತಿನಲ್ಲಿ ಒಂದು ಆಮ್ಲಜನಕ ಹೊತ್ತುಕೊಂಡು
ಬೇರೆ ಹೆಸರಲ್ಲಿ ಹೊರಬರುತ್ತದೆ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು.
ಜಗಲಿಯಲ್ಲಿ ಇಪ್ಪತ್ತು ಹೆಂಗಸರಿಗೆ ತುಳುವಿನಲ್ಲಿ ಓದಿ ಹೇಳಿದೆ:
ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ.
ಬೇಡವೆನಿಸಿದಾಗ ಬಿಟ್ಟುಹೋಗಬಹುದು.
ಇದರಿಂದ ನಿಮಗೆ ನೇರವಾದ ಲಾಭ ಏನೂ ಇಲ್ಲ.
ಗುಲಾಬಿಯಕ್ಕ ನಕ್ಕರು,
"ಇದೆಂತ, ಬೀಡಿ ಕಂಪೆನಿಯದ್ದೇ ಕಾಗದವಾ?"
ಅಮ್ಮ ನಗಲಿಲ್ಲ. ಕತ್ತರಿ ಕೆಳಗಿಟ್ಟು, ಸೀರೆಗೆ ಕೈ ಒರೆಸಿ,
ವಾರಿಜಾ ಎಂದು ಬರೆದಳು,
ಕೊನೆಯ ದೀರ್ಘ ಎಳೆಯುವವರೆಗೆ ಉಸಿರು ಹಿಡಿದು.

ಹೆಸರು ಅಳಿಸಿ ಸಂಖ್ಯೆ ಕೊಡಬೇಕು. ಕೊಟ್ಟದ್ದು ನಾನೇ.
ಕೊಟ್ಟದ್ದನ್ನು ಮರೆಯುವ ವಿಧಾನ
ಯಾವ ಮ್ಯಾನ್ಯುವಲ್ಲಿನಲ್ಲೂ ಇಲ್ಲ.

ಹೋಲಿಕೆಗೆ ಹೊಗೆಸೊಪ್ಪು ಮುಟ್ಟದವರ ಮಾದರಿ ಬೇಕಿತ್ತು.
ಲವೀನಾ ಕೊಟ್ಟಳು, ಶಹೀದಾ ಕೊಟ್ಟಳು,
ಯೋಚಿಸದೆ ನಾನೂ ಕೊಟ್ಟೆ.
ಸ್ಟ್ಯಾಂಡಿನಲ್ಲಿ ಅವರಿಬ್ಬರ ನಳಿಗೆ ನೀರಿನ ಹಾಗೆ.
ನನ್ನದು ಮೆಲ್ಲಗೆ ನಸುಗೆಂಪಾಯಿತು.
"ಸೇದ್ತೀಯಾ?" ಲವೀನಾ ಕಿವಿಯಲ್ಲಿ ಕೇಳಿದಳು.
ಮೇಡಂ ನನ್ನ ಬೆರಳ ತುದಿ ನೋಡಿದರು, ಏನೂ ಕೇಳಲಿಲ್ಲ.
ದಾಖಲೆ ಪುಸ್ತಕದಲ್ಲಿ ಬರೆಸಿದರು:
ಕಂಟ್ರೋಲ್ ಮೂರು, ಕೈಬಿಡಲಾಗಿದೆ.

ಹದಿನೇಳರ ಬಣ್ಣವನ್ನು ಹೇಗೆ ಹೇಳಲಿ?
ದಾಸವಾಳ ಎಂದರೆ ಕವಿತೆಯಾಗಿಬಿಡುತ್ತದೆ.
ಯಂತ್ರ ಒಂದು ಅಂಕಿ ತೋರಿಸಿತು,
ನಾವೆಳೆದ ನೇರ ಗೆರೆ ಮುಗಿದಲ್ಲಿಂದಲೂ ಆಚೆ.
"ನೀರು ಬೆರೆಸಿ ಮತ್ತೊಮ್ಮೆ ಓದು," ಅಂದರು ಮೇಡಂ.
ಬೆರೆಸಿದೆ.
ಹತ್ತು ಪಟ್ಟು ತೆಳ್ಳಗಾದ ಅಮ್ಮ
ಗ್ರಾಫಿನೊಳಗೆ ಬಂದು ಕೂತಳು.

ಜನ್ಮದಲ್ಲಿ ಒಂದು ಬೀಡಿ ತುಟಿಗಿಡದವಳು.

ಮನೆಗೆ ಬಂದಾಗ ಮಧ್ಯಾಹ್ನ ಮೂರೂವರೆ.
ಚೆಕ್ಕರ್ ನಿನ್ನೆ ಮೂರು ಕಟ್ಟು ಬಿಸಾಡಿದನಂತೆ,
ಬಾಯಿ ಸರಿಯಾಗಿ ಮಡಚಿಲ್ಲವೆಂದು.
"ನಿನ್ನ ಪರೀಕ್ಷೆಯಲ್ಲಿ ನನ್ನದು ಎಂತಾಯಿತು? ಪಾಸಾ?"
"ಅದರಲ್ಲಿ ಹೆಸರಿಲ್ಲಮ್ಮ."
"ಅದು ಗೊತ್ತುಂಟು. ಪಾಸಾ ಅಂತ ಕೇಳಿದ್ದು."

ಲ್ಯಾಬಿನಿಂದ ತಂದ ನೀಲಿ ಗ್ಲೌಸು ಕೊಟ್ಟೆ.
ತೊಟ್ಟು ನೋಡಿದಳು. ಎಲೆ ಜಾರಿತು, ನೂಲು ಸಿಗಲಿಲ್ಲ.
ಕಳಚಿ, ತೊಳೆದು, ಹಗ್ಗದ ಮೇಲೆ ಒಣಗಲು ಹಾಕಿದಳು.
"ಚೆಂದ ಉಂಟು. ಮೀನು ತೊಳೆಯಲಿಕ್ಕೆ ಆಗ್ತದೆ."

ಶುಕ್ರವಾರ ಫೀಸಿನ ಕೊನೆಯ ದಿನ.
ಐದಕ್ಕೆ ಬ್ರಾಂಚು, ಇನ್ನೂ ಹನ್ನೊಂದು ಕಟ್ಟು ಬಾಕಿ.
ಬ್ಯಾಗು ಕೆಳಗಿಟ್ಟು
ತಡ್ಪೆ ನನ್ನ ಕಡೆಗೆ ಎಳೆದುಕೊಂಡೆ.