ಲಾದ್ರು ಮೇಸ್ತ್ರಿಯ ಸೊಂಟ

ಸೊಂಟದ ಎಲುಬಿನಲ್ಲಿ ಗಡ್ಡೆ ಕೊರೆದ ಪೊಟರೆ.
ಕಂಕನಾಡಿಯ ಡಾಕ್ಟರು ಪರದೆಯ ಮೇಲೆ ತೋರಿಸಿದರು:
"ಕೊಯ್ಯುವುದಿಲ್ಲ ಲಾದ್ರು ಮೇಸ್ತ್ರಿ, ಒಂದೇ ಸೂಜಿ.
ಮೊದಲು ಸುಡುತ್ತೇವೆ, ಆಮೇಲೆ ಸಿಮೆಂಟು."

ಸಿಮೆಂಟು!
ನಲವತ್ತು ವರ್ಷ
ಮಂಗಳೂರಿನ ಗೋಡೆಗಳಿಗೆ ಮೆತ್ತಿದವನು ನಾನು.
"ಮರಳು ಎಷ್ಟು ಪಾಲು?" ಕೇಳಿದೆ.
ನರ್ಸು ಐರಿನ್ ಬಾಯಿ ಮುಚ್ಚಿ ನಕ್ಕಳು.
"ನೀರು ಎಷ್ಟು ದಿನ ಹೊಡೆಯಬೇಕು?"
"ಹತ್ತು ನಿಮಿಷಕ್ಕೆ ಗಟ್ಟಿ."

ಹತ್ತು ನಿಮಿಷದ ಕೆಲಸವನ್ನು
ನಾನು ಯಾವತ್ತೂ ನಂಬಿದವನಲ್ಲ.

ಮರುದಿನ ಎದ್ದು ನಿಂತೆ.
ಬಲಗಾಲು ಊರಿ, ನೋವು ಬರಲೆಂದು ಕಾದೆ.
ಬರಲಿಲ್ಲ.
ಗಡ್ಡೆ ಪೂರ್ತಿ ಹೋಗಿಲ್ಲ, ಗೊತ್ತು.
ಬಿರುಕು ಮುಚ್ಚಿದ ಮನೆಯಲ್ಲೂ ಗೆದ್ದಲು ಇರುತ್ತದೆ.

ಆದರೂ ಲಿಫ್ಟು ಬಿಟ್ಟು
ಹದಿನೆಂಟು ಮೆಟ್ಟಿಲು ಇಳಿದೆ.
ಹನ್ನೊಂದನೆಯದು ಅರ್ಧ ಇಂಚು ಎತ್ತರ, ಕಾಲು ಹೇಳಿತು.
ಯಾವನೋ ರಸಮಟ್ಟ ಇಡದೆ ಕಟ್ಟಿದ್ದಾನೆ.