ಏಳೇ ಗುಳಿಗಿ

ತಿಂಗಳದ್ದು ಒಮ್ಮೆಲೇ ಬರೀರಿ ಡಾಕ್ಟರ, ಅಂದೆ,
ಬೆಟಗೇರಿಯಿಂದ ಧಾರವಾಡಕ್ಕ ವಾರಾ ವಾರಾ ಬರೂದಂದ್ರ
ಮಗ್ಗ ಬಂದ್.
ಅವರು ಏಳೇ ಬರದ್ರು.
ಚೀಟಿ ನನಗಲ್ಲ,
ನೆಗೆಣ್ಣಿ ಬನವ್ವನ ಕೈಗೆ ಕೊಟ್ರು.

"ಮದಲ ಕೈಗೆ ಕಸುವು ಬರತೈತಿ,
ಮನಸಿಗೆ ಆಮ್ಯಾಲೆ.
ನಡುವಿನ ಹದಿನೈದು ದಿನ
ನನಗ ಅಂಜಿಕಿ."

ಹೋದ ವರ್ಷ ಮೂರು ರಾತ್ರಿ ಮಲಗಲಾರದ
ಹಾಡಕೋತ ಸೀರಿ ನೇಯ್ದದ್ದು
ಕೇಳಿ ಬರಕೊಂಡ್ರು.
ಬಾವಿ ಕಟ್ಟಿಮ್ಯಾಲೆ ಕುಂತದ್ದು ಯಾಕ, ಅಂದ್ರು.
ನಾ ಸುಮ್ಮನಿದ್ದೆ.
ಪೆನ್ನು ಕೆಳಗಿಟ್ಟು ಕಾಯ್ದರು.

ಈಗ ಬನವ್ವ ದಿನಾ ರಾತ್ರಿ
ಸೆರಗಿನ ಗಂಟು ಬಿಚ್ಚಿ ಒಂದು ಕೊಡ್ತಾಳ,
ನುಂಗೂತನಕ ಗಂಟಲಾ ನೋಡ್ತಾಳ.

ಒಂಬತ್ತನೇ ದಿನ ಲಾಳಿ ತಾನಾಗೇ ಕೈಗೆ ಬಂತು.
ಕಸುವು ಬಂತಲ್ಲs, ಅಂದೆ.
ಆಕಿ ನಗಲಿಲ್ಲ.
ಎದ್ದು ತನ್ನ ಹಾಸಿಗಿ
ನನ್ನ ಬಾಗಲಿಗೆ ತಂದು ಹಾಸಿದಳು.