ಗಾಳಿ ಮಲಗಿದ ದಿನ

ಬೆಳಗಿನ ಐದಕ್ಕೆ ಔಮಾ ಡೀನಾಳ ಬಾಗಿಲು ಬಡಿದೆ.
"ಇವತ್ತು ಸುಡುತ್ತೇವೆ, ಅಜ್ಜಿ."
ಕಾಫಿ ಸೋಸುತ್ತಿದ್ದಳು, ತಿರುಗಲಿಲ್ಲ.
"ಸುಡಿ. ಕಡ್ಡಿಪೆಟ್ಟಿಗೆ ನಿಮ್ಮ ಕೈಯಲ್ಲಿದೆ.
ನನ್ನ ಕೈಯಲ್ಲಿ ಏನಿದೆ?"

ಹದಿನೇಳು ವರ್ಷದ ಕೆಳಗೆ
ಆಗ್ನೇಯದ ಗಾಳಿ ಒಂದೇ ರಾತ್ರಿ ಬೆಟ್ಟವಿಳಿದು
ಅವಳ ಹುಲ್ಲಿನ ಮಾಡು, ಹೊಲಿಗೆ ಯಂತ್ರ,
ಗಂಡನ ಒಂದೇ ಒಂದು ಫೋಟೋ ತಿಂದಿತ್ತು.
ಯಂತ್ರದ ಕಬ್ಬಿಣದ ಚಕ್ರ ಉಳಿಯಿತು.
ಈಗದು ಕೋಳಿಗೂಡಿನ ಬಾಗಿಲಿಗೆ ಆನಿಸುವ ತೂಕ.

ನಾನು ಲವೋನಾ. ಆಫ್ರಿಕಾ ಮುಗಿಯುವ ಈ ತುದಿಯಲ್ಲಿ
ಪ್ರೋಟಿಯಾ ಕೊಯ್ಯುವವಳ ಮಗಳು,
ಬೆಂಕಿಪಡೆಯ ಹಳದಿ ಅಂಗಿಯವಳು.
ಅಮ್ಮ ಅನ್ನುತ್ತಿದ್ದಳು: ಮುದಿಪೊದೆ ಹೂ ಕೊಡದು,
ಬಿಸಿ ತಾಗದೆ ಕಾಯಿ ಮುಷ್ಟಿ ಬಿಚ್ಚದು.
ಇರುವೆಗಳು ಹೊತ್ತೊಯ್ದ ಬೀಜಗಳೂ ಉಂಟು,
ತುದಿಯ ಕೊಬ್ಬು ತಿಂದು ನೆಲದೊಳಗೆ ಮರೆತವು.
ಹೊಗೆಯ ವಾಸನೆ ಇಳಿಯುವವರೆಗೆ
ಅವು ಕತ್ತಲಲ್ಲಿ ಲೆಕ್ಕ ಇಡುತ್ತ ಕೂತಿರುತ್ತವೆ.

ಬೆಟ್ಟಕ್ಕೆ ಬೆಂಕಿ ಬೇಕು.
ಬುಡದಲ್ಲಿ ನಲವತ್ತೊಂದು ಮನೆ, ಒಂದು ಶಿಶುವಿಹಾರ,
ಗೋಡೆಗೊರಗಿದ ಗ್ಯಾಸ್ ಸಿಲಿಂಡರುಗಳು.
ನಡುವೆ ನಾವು ಬೋಳಿಸಿದ
ಹನ್ನೆರಡು ಮೀಟರ್ ಮಣ್ಣು.

ಗಾಳಿ ಬಂದಾಗ ತೂರಿಕೊ, ಅದು ಕಣದವರ ಮಾತು.
ಗಾಳಿ ಮಲಗಿದಾಗ ಹೊತ್ತಿಸಿಕೊ, ಇದು ನಮ್ಮದು.
ಮಾರ್ಚ್ ತಿಂಗಳು. ಎಲೆಯ ಮೇಲಿನ್ನೂ ಇಬ್ಬನಿ.
ಟಾರ್ಚಿನ ಮೂತಿಯಿಂದ ಹನಿಹನಿ ಉರಿ ಬಿಟ್ಟು
ಬೆಟ್ಟದ ಸೆರಗಿಗೆ ಅಂಚು ಹೊಲಿದೆವು.
ಗರ್ಶ್ವಿನ್ ಆಮೆಯೊಂದನ್ನು ಹೆಲ್ಮೆಟ್ಟಿನಲ್ಲಿ ದಾಟಿಸಿದ.
ಇನ್ನೊಂದನ್ನು ಮಾರನೆಯ ದಿನ ಕಂಡೆವು.

ಅಜ್ಜಿ ರಸ್ತೆಯ ನಡುವೆ ಕುರ್ಚಿ ಹಾಕಿ
ಒದ್ದೆ ಕಂಬಳಿ ತೊಡೆಯ ಮೇಲಿಟ್ಟು
ಸಂಜೆಯವರೆಗೆ ಕೂತಳು.
ಒಮ್ಮೆ ಗಾಳಿ ಮಗ್ಗುಲು ಬದಲಿಸಿತು.
ಅರ್ಧ ನಿಮಿಷ.
ನನ್ನ ಬಾಯಲ್ಲಿ ತುಕ್ಕಿನ ರುಚಿ.
ಆಮೇಲೆ ಮತ್ತೆ ಮಲಗಿತು.

ಒಂಬತ್ತನೆಯ ದಿನ ಕರಿನೆಲ ಸೀಳಿ
ಎಲೆಯೇ ಇಲ್ಲದ ಕೆಂಪು ಲಿಲಿಗಳೆದ್ದವು,
ಹೊಗೆ ಕರೆದರೆ ಮಾತ್ರ ಬರುವಂಥವು.
ಒಂದನ್ನು ಅಜ್ಜಿಗೆ ಒಯ್ದೆ.
ಮೂಸಿದಳು. ಏನೂ ಅನ್ನಲಿಲ್ಲ.
ಲೋಟದ ನೀರಿಗೆ ಹಾಕಿ
ಬೆಟ್ಟದ ಕಡೆಯ ಕಿಟಕಿಯಲ್ಲಲ್ಲ,
ರಸ್ತೆಯ ಕಡೆಯದರಲ್ಲಿ ಇಟ್ಟಳು.

"ಮುಂದಿನ ಸಲ ಯಾವಾಗ?"
"ಹದಿನೈದು ವರ್ಷಕ್ಕೆ, ಅಜ್ಜಿ."
ಬೆರಳು ಮಡಿಸಿ ಎಣಿಸಿದಳು, ನಕ್ಕುಬಿಟ್ಟಳು.
"ಹಾಗಾದರೆ ಅದು ನಿನ್ನ ಪಾಲು."

ಕಂಬಳಿ ಮಾತ್ರ
ಇನ್ನೂ ಬಕೆಟ್ಟಿನಲ್ಲೇ ನೆನೆಯುತ್ತಿದೆ.